ಕುರಿಯ ವಂಶವಾಹಿ, ಕುರಿಗಾಹಿಯ ಪಾಲು

ಶ್ರೀನಗರದ ಶೇರ್-ಎ-ಕಾಶ್ಮೀರ ಕೃಷಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ವಿಜ್ಞಾನಿಗಳು 2025ರ ಮೇ ತಿಂಗಳಲ್ಲಿ ಒಂದು ಕುರಿಮರಿಯ ಸುದ್ದಿಯನ್ನು ದೇಶದ ಮುಂದಿಟ್ಟರು. ಅದು ವಂಶವಾಹಿಯನ್ನು ತಿದ್ದಿ ಪಡೆದ ಭಾರತದ ಮೊದಲ ಕುರಿ. ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಎಂಬ ವಂಶವಾಹಿಯನ್ನು ಅವರು ತಿದ್ದಿದ್ದರು. ಇದರಿಂದ ಮಾಂಸದ ಪ್ರಮಾಣ ಶೇ 30ರಷ್ಟು ಹೆಚ್ಚಬಹುದೆಂಬುದು ಅವರ ನಿರೀಕ್ಷೆ. ಬೇರೊಂದು ಜೀವಿಯ ವಂಶವಾಹಿಯನ್ನು ಸೇರಿಸಿಲ್ಲವಾದ್ದರಿಂದ ಇದು ರೂಢಿಯ ಅರ್ಥದಲ್ಲಿ ಕುಲಾಂತರಿಯಲ್ಲ. 2012ರಲ್ಲಿ ‘ನೂರಿ’ ಎಂಬ ಪಶ್ಮಿನಾ ಮೇಕೆಯ ತದ್ರೂಪನ್ನು ಸೃಷ್ಟಿಸಿದ್ದೂ ಇದೇ ವಿಶ್ವವಿದ್ಯಾಲಯವೇ. ಅಲ್ಲಿನ ವಿಜ್ಞಾನಿಗಳ ಸಾಧನೆಯನ್ನು ಮೆಚ್ಚಲೇಬೇಕು.

ಆದರೆ ಅರ್ಥಶಾಸ್ತ್ರವನ್ನು ಓದಿ, ಮೂರು ದಶಕಗಳಿಗೂ ಮಿಕ್ಕಿ ಸರ್ಕಾರದ ಯೋಜನೆಗಳ ಕಡತಗಳ ನಡುವೆ ಕಳೆದ ನನಗೆ ಈ ಸುದ್ದಿಯ ಬೆನ್ನಲ್ಲೇ ಬೇರೊಂದು ಪ್ರಶ್ನೆ ಎದುರಾಯಿತು. ಹೆಚ್ಚು ಮಾಂಸ ಎಂಬುದೂ ಒಳ್ಳೆಯ ಮಾಂಸ ಎಂಬುದೂ ಒಂದೇ ಅಲ್ಲ. ಎರಡರ ಹಿಂದೆಯೂ ವಂಶವಾಹಿಗಳ ಭಿನ್ನರೂಪಗಳಿವೆ. ಅವುಗಳಲ್ಲಿ ಯಾವ ಭಿನ್ನರೂಪ ಹಿಂಡಿನಲ್ಲಿ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ನಿರ್ಧರಿಸುವವರು ಯಾರು? ಪ್ರಯೋಗಾಲಯದ ವಿಜ್ಞಾನಿಯೆಂದು ನಾವು ಭಾವಿಸುತ್ತೇವೆ. ಕಳೆದ ಅರ್ಧ ಶತಮಾನದ ಅನುಭವ ಹೇಳುವುದೇ ಬೇರೆ. ಅದನ್ನು ನಿರ್ಧರಿಸಿರುವುದು ಬಹುಮಟ್ಟಿಗೆ ಬೆಲೆ.

ಈ ಮಾತಿಗೆ ಅತ್ಯುತ್ತಮ ನಿದರ್ಶನ ಯುರೋಪು ಮತ್ತು ಅಮೆರಿಕದ ಹಂದಿ ಸಾಕಣೆಯಲ್ಲಿ ದೊರೆಯುತ್ತದೆ. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಗ್ರಾಹಕರು ಕೊಬ್ಬು ಕಡಿಮೆಯಿರುವ ಮಾಂಸವನ್ನು ಬಯಸತೊಡಗಿದರು. ಖರೀದಿದಾರರು ಬೆನ್ನಿನ ಕೊಬ್ಬಿನ ದಪ್ಪವನ್ನು ಅಳೆದು, ಅದು ತೆಳುವಾಗಿದ್ದಷ್ಟೂ ಹೆಚ್ಚು ಬೆಲೆ ಕೊಡುವ ಪದ್ಧತಿ ಬಂತು. 1984ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯ ಕೊಬ್ಬಿಲ್ಲದ ಮಾಂಸದ ಶೇಕಡಾವಾರು ಪ್ರಮಾಣವನ್ನೇ ದರ್ಜೆಯ ಆಧಾರವನ್ನಾಗಿ ಮಾಡಿ ಕಾನೂನನ್ನೂ ರೂಪಿಸಿತು. ಸಾಕಣೆದಾರರು ಸಹಜವಾಗಿಯೇ ಮೈಕಟ್ಟು ಬಿಗಿಯಾಗಿರುವ ಹಂದಿಗಳನ್ನು ಆಯ್ದು ತಳಿ ಬೆಳೆಸಿದರು. ಬೆಲ್ಜಿಯಂನ ಪಿಯೆಟ್ರೇನ್ ಎಂಬ ಹಳ್ಳಿಯ ಹೆಸರಿನ ತಳಿ ಇದಕ್ಕೆ ಪ್ರಸಿದ್ಧವಾಯಿತು.

ಇದರ ಜೊತೆಜೊತೆಗೇ ಒಂದು ವಿಚಿತ್ರ ತೊಂದರೆಯೂ ಕಾಣಿಸಿಕೊಂಡಿತು. ಲಾರಿಗೆ ಹತ್ತಿಸುವಾಗ, ಸಾಗಿಸುವಾಗ, ಕೆಲವು ಹಂದಿಗಳು ಮೈ ಬಿಸಿಯೇರಿ, ಕಾಲು ಸೆಟೆದು ಸಾಯುತ್ತಿದ್ದವು. ಸಾಯದೆ ಉಳಿದು ಕಸಾಯಿಖಾನೆ ಸೇರಿದವುಗಳ ಮಾಂಸ ಬಿಳಿಚಿಕೊಂಡು, ಮೆತ್ತಗಾಗಿ, ನೀರು ಸುರಿಸುತ್ತಿತ್ತು. ಸಾಮಾನ್ಯವಾಗಿ ಪ್ರಾಣಿ ಸತ್ತ ಮೇಲೆ ಮಾಂಸದಲ್ಲಿ ಆಮ್ಲದ ಅಂಶ ಹಲವಾರು ಗಂಟೆಗಳ ಅವಧಿಯಲ್ಲಿ ನಿಧಾನವಾಗಿ ಏರುತ್ತದೆ. ಅಷ್ಟರಲ್ಲಿ ಮಾಂಸ ತಣ್ಣಗಾಗಿರುತ್ತದೆ. ಈ ಹಂದಿಗಳಲ್ಲಿ ಮೈ ಇನ್ನೂ ಬಿಸಿಯಾಗಿರುವಾಗಲೇ, ಒಂದು ಗಂಟೆಯೊಳಗೇ, ಆಮ್ಲ ಏರಿಬಿಡುತ್ತಿತ್ತು. ಬಿಸಿ ಮತ್ತು ಆಮ್ಲ ಎರಡೂ ಸೇರಿ ಮಾಂಸದ ಪ್ರೋಟೀನನ್ನು ಕೆಡಿಸುತ್ತಿದ್ದುದರಿಂದ ಅದು ನೀರನ್ನು ಹಿಡಿದಿಟ್ಟುಕೊಳ್ಳಲಾರದಾಗುತ್ತಿತ್ತು.

1974ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಇಂತಹ ಹಂದಿಗಳನ್ನು ಗುರುತಿಸುವ ಉಪಾಯವನ್ನು ಪ್ರಕಟಿಸಿದರು. ಹಂದಿಮರಿಗೆ ಹ್ಯಾಲೊಥೇನ್ ಎಂಬ ಅರಿವಳಿಕೆ ಅನಿಲವನ್ನು ಕೆಲವು ನಿಮಿಷ ಮೂಸಿಸಿದರೆ, ದೋಷವಿರುವ ಮರಿಯ ಕಾಲುಗಳು ಸೆಟೆದುಕೊಳ್ಳುತ್ತಿದ್ದವು. ಶಸ್ತ್ರಚಿಕಿತ್ಸೆಯ ವೇಳೆ ಅರಿವಳಿಕೆ ಕೊಟ್ಟಾಗ ಕೆಲವು ಕುಟುಂಬಗಳ ಜನರಲ್ಲಿ ಇದೇ ಬಗೆಯ ಮಾರಕ ಜ್ವರ ಏರುವುದನ್ನು ಮೆಲ್ಬರ್ನಿನ ವೈದ್ಯರು 1960ರಲ್ಲಿಯೇ ವರದಿ ಮಾಡಿದ್ದರು. ಕೊನೆಗೆ 1991ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಮ್ಯಾಕ್ಲೆನನ್ ಮತ್ತು ಸಹೋದ್ಯೋಗಿಗಳು ಮೂಲವನ್ನು ಪತ್ತೆ ಹಚ್ಚಿದರು. ಸ್ನಾಯುಕೋಶದಲ್ಲಿ ಕ್ಯಾಲ್ಸಿಯಂ ಬಿಡುಗಡೆಯನ್ನು ನಿಯಂತ್ರಿಸುವ ಬಾಗಿಲಿನಂತಹ ಪ್ರೋಟೀನೊಂದರ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. 1843ನೆಯ ಸ್ಥಾನದಲ್ಲಿ ‘ಸಿ’ ಇರಬೇಕಾದಲ್ಲಿ ‘ಟಿ’ ಇತ್ತು. ಐದು ಬೇರೆಬೇರೆ ತಳಿಗಳಲ್ಲಿಯೂ ಇದೇ ಬದಲಾವಣೆ ಕಂಡುಬಂದಿತು. ಅವೆಲ್ಲಕ್ಕೂ ಮೂಲ ಒಂದೇ ಎಂಬ ಸೂಚನೆಯೂ ದೊರೆಯಿತು.

ಎಂದೋ ಒಂದು ಪ್ರಾಣಿಯಲ್ಲಿ ಹುಟ್ಟಿದ ಈ ದೋಷ ಖಂಡಾಂತರಗಳಿಗೆ ಹರಡಿದ್ದು ಹೇಗೆ? ಬಾಗಿಲು ಸರಿಯಾಗಿ ಮುಚ್ಚದ ಕಾರಣ ಕ್ಯಾಲ್ಸಿಯಂ ಸೋರಿ, ಸ್ನಾಯು ಸದಾ ಸ್ವಲ್ಪ ಬಿಗಿದುಕೊಂಡೇ ಇರುತ್ತದೆ. ಅದರಿಂದ ಮೈ ತುಂಬಿಕೊಂಡು ಕೊಬ್ಬು ಕಡಿಮೆಯಾಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಅಂದರೆ, ಬೆಲೆ ಯಾವುದನ್ನು ಮೆಚ್ಚುತ್ತಿತ್ತೋ ಅದನ್ನು ಈ ಭಿನ್ನರೂಪ ಕೊಡುತ್ತಿತ್ತು. ಬೆಲೆಯ ಲೆಕ್ಕದಲ್ಲಿ ಬಾರದ ಮಾಂಸದ ಗುಣವನ್ನು ಅದು ಕೆಡಿಸುತ್ತಿತ್ತು. ಕೊಬ್ಬನ್ನು ಅಳೆಯುವ ಕೋಲಿತ್ತು, ಗುಣವನ್ನು ಅಳೆಯುವ ಕೋಲಿರಲಿಲ್ಲ. ಅಳತೆಗೆ ಸಿಕ್ಕಿದ್ದಕ್ಕೆ ಹಣ ಸಂದಿತು, ಹಣ ಸಂದದ್ದು ಹಿಂಡಿನಲ್ಲಿ ಉಳಿಯಿತು.

ಇದಕ್ಕಿಂತ ಬೋಧಪ್ರದವಾದದ್ದು 1991ರ ನಂತರ ನಡೆದದ್ದು. ಹನಿ ರಕ್ತದಿಂದ ಈ ಭಿನ್ನರೂಪವನ್ನು ನಿಖರವಾಗಿ ಪತ್ತೆ ಹಚ್ಚುವ ಪರೀಕ್ಷೆ ಬಂದ ಮೇಲೆ ಅದು ಎಲ್ಲೆಡೆಯೂ ತೊಲಗಬೇಕಾಗಿತ್ತು. ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ಅದನ್ನು ಬಹುಪಾಲು ತೊಡೆದುಹಾಕಿದ್ದು ನಿಜ. ಆದರೆ ಇನ್ನು ಕೆಲವು ಕಡೆ ಅದೇ ಪರೀಕ್ಷೆಯನ್ನು ಬಳಸಿ, ದೋಷವುಳ್ಳ ಗಂಡು ತಳಿಯನ್ನೂ ದೋಷವಿಲ್ಲದ ಹೆಣ್ಣು ತಳಿಯನ್ನೂ ಬೇರೆಬೇರೆಯಾಗಿ ಕಾಯ್ದಿಟ್ಟು, ಎರಡನ್ನೂ ಕೂಡಿಸಿ ಅರ್ಧ ಲಾಭ ಪಡೆಯುವ ಕ್ರಮ ನಡೆಯಿತು. ಅಂತಹ ಮರಿಗಳಿಗೆ ದೋಷದ ಒಂದು ಪ್ರತಿ ಮಾತ್ರ ಬರುತ್ತದೆ. ಸಾವಿನ ಅಪಾಯ ತಗ್ಗುತ್ತದೆ, ಕೊಬ್ಬಿಲ್ಲದ ಮಾಂಸದ ಲಾಭ ಸ್ವಲ್ಪಮಟ್ಟಿಗೆ ಉಳಿಯುತ್ತದೆ, ಮಾಂಸದ ಗುಣ ಮಾತ್ರ ಸ್ವಲ್ಪ ಕೆಡುತ್ತದೆ. ವಿಜ್ಞಾನ ಒಂದೇ, ಪರೀಕ್ಷೆ ಒಂದೇ. ಅದನ್ನು ಯಾವ ದಿಕ್ಕಿಗೆ ಬಳಸಬೇಕೆಂಬುದನ್ನು ಆಯಾ ಮಾರುಕಟ್ಟೆಯ ಪಾವತಿಯ ನಿಯಮ ತೀರ್ಮಾನಿಸಿತು.

ಕುರಿಯಲ್ಲಿಯೂ ಇಂತಹ ಕಥೆಗಳಿವೆ. ಅಮೆರಿಕದ ಓಕ್ಲಹೋಮದಲ್ಲಿ 1983ರಲ್ಲಿ ಹುಟ್ಟಿದ ಡಾರ್ಸೆಟ್ ತಳಿಯ ಟಗರೊಂದರ ಸಂತತಿಯಲ್ಲಿ ಹಿಂಭಾಗದ ಮಾಂಸಖಂಡಗಳು ಅಸಾಧಾರಣವಾಗಿ ಬೆಳೆದವು. ಕೊಬ್ಬು ಕಡಿಮೆ, ತಿಂದ ಮೇವಿಗೆ ಮಾಂಸ ಹೆಚ್ಚು. ಆ ಟಗರಿಗೆ ‘ಸಾಲಿಡ್ ಗೋಲ್ಡ್’ ಎಂದು ಹೆಸರಿಟ್ಟಿದ್ದರು. ಇದಕ್ಕೂ ಒಂದಕ್ಷರದ ಬದಲಾವಣೆಯೇ ಕಾರಣವೆಂದು 2002ರಲ್ಲಿ ಗೊತ್ತಾಯಿತು. ಆದರೆ ಆ ಕುರಿಗಳ ಬೆನ್ನಿನ ಮಾಂಸ ಅಗಿಯಲಾಗದಷ್ಟು ಗಡುಸು. ಸತ್ತ ಪ್ರಾಣಿಯ ಮಾಂಸವನ್ನು ಮೃದುಗೊಳಿಸುವುದು ಕ್ಯಾಲ್ಪೇನ್ ಎಂಬ ಕಿಣ್ವ. ಅದನ್ನು ತಡೆಯುವುದು ಕ್ಯಾಲ್ಪಾಸ್ಟಾಟಿನ್. ಈ ಕುರಿಗಳಲ್ಲಿ ತಡೆಯುವ ವಸ್ತು ಹೆಚ್ಚಾಗಿತ್ತು. ಹೆಸರಿನಲ್ಲಿ ಬಂಗಾರವಿದ್ದ ಆ ಟಗರಿನ ವಂಶ ವಾಣಿಜ್ಯ ಸಾಕಣೆಯಲ್ಲಿ ನೆಲೆಯೂರಲಿಲ್ಲ.

ನ್ಯಾಯವಾಗಿ ಹೇಳುವುದಾದರೆ, ಮಾಂಸ ಹೆಚ್ಚಿಸುವ ಭಿನ್ನರೂಪಗಳೆಲ್ಲವೂ ಹೀಗಲ್ಲ. ನೆದರ್ಲೆಂಡ್ಸ್ ಮೂಲದ ಟೆಕ್ಸೆಲ್ ಕುರಿಯಲ್ಲಿ ಮಯೋಸ್ಟಾಟಿನ್ ತಾನಾಗಿಯೇ ತಗ್ಗಿರುವುದಕ್ಕೆ ಕಾರಣವಾದ ಅಕ್ಷರವನ್ನು ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ತಂಡ 2006ರಲ್ಲಿ ಗುರುತಿಸಿತು. ಆ ತಳಿಯ ಮಾಂಸಕ್ಕೆ ಅಂತಹ ಅಪಖ್ಯಾತಿಯಿಲ್ಲ. ಕಾಶ್ಮೀರದ ಮರಿಯೂ ಇದೇ ದಾರಿಯದು. ಆದ್ದರಿಂದ ಅದನ್ನು ಮುಂಚಿತವಾಗಿಯೇ ಶಂಕಿಸುವ ಅಗತ್ಯವಿಲ್ಲ. ಆ ಮಾಂಸವನ್ನು ಬೇಯಿಸಿ, ತಿಂದು, ಅಳೆದು ನೋಡದೆ ಸಂಭ್ರಮಿಸುವ ಅಗತ್ಯವೂ ಇಲ್ಲ.

ಇನ್ನು ನಮ್ಮ ರಾಜ್ಯದ ಸಂಗತಿಗೆ ಬರೋಣ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ತೆಲಂಗಾಣ, ಆಂಧ್ರಪ್ರದೇಶಗಳ ನಂತರ ನಮ್ಮದು ದೇಶದಲ್ಲಿ ಮೂರನೆಯ ಸ್ಥಾನ. ಸಂಖ್ಯೆಯ ದೃಷ್ಟಿಯಿಂದ ಇದು ಸಣ್ಣ ಸಂಪತ್ತಲ್ಲ. ಆದರೆ ಗುಣದ ದೃಷ್ಟಿಯಿಂದ ಹೆಸರಾದದ್ದು ಮಾತ್ರ ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ, ಜನರ ಬಾಯಲ್ಲಿ ಬನ್ನೂರು ಕುರಿಯೆಂದೇ ಪರಿಚಿತವಾದ, ಸರ್ಕಾರಿ ದಾಖಲೆಗಳಲ್ಲಿ ಮಂಡ್ಯ ತಳಿಯೆನಿಸಿಕೊಂಡ ಕುರಿ. ಕುಳ್ಳಗಿನ ಕಾಲು, ಅಗಲವಾದ ಬೆನ್ನು, ಹಿಂದಿನಿಂದ ನೋಡಿದರೆ ತಲೆಕೆಳಗಾದ ಇಂಗ್ಲಿಷ್ ‘ಯು’ ಅಕ್ಷರದಂತಹ ಆಕಾರ. ಮಾಂಸದ ಎಳೆಗಳ ನಡುವೆ ಕೊಬ್ಬು ಹರಡಿಕೊಂಡಿರುವುದೇ ಅದರ ರುಚಿಯ ಗುಟ್ಟೆಂದು ಬಲ್ಲವರು ಹೇಳುತ್ತಾರೆ. ಒಳ್ಳೆಯ ಟಗರುಗಳು ಲಕ್ಷ ರೂಪಾಯಿಗೂ ಮೀರಿ ಮಾರಾಟವಾದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ.

ಆದರೆ ಆ ಬೆಲೆ ದೊರೆಯುವುದು ತಳಿಗಾಗಿ ಕೊಳ್ಳುವ ಬೆರಳೆಣಿಕೆಯ ಟಗರುಗಳಿಗೆ. ಮಾಂಸಕ್ಕೆ ಹೋಗುವ ಕುರಿಯ ಮಾರಾಟ ಇಂದಿಗೂ ನಡೆಯುವುದು ಸಂತೆಯಲ್ಲಿ, ಕಣ್ಣಂದಾಜಿನಲ್ಲಿ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು. ಕೊಳ್ಳುವವನು ಲೆಕ್ಕ ಹಾಕುವುದು ಈ ಪ್ರಾಣಿಯಿಂದ ಎಷ್ಟು ಕಿಲೋ ಮಾಂಸ ಬಂದೀತು ಎಂಬುದನ್ನು. ‘ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ’ ಎಂಬ ನಮ್ಮ ಗಾದೆ ತೂಕದ ಮಟ್ಟಿಗೆ ಸರಿ. ಗುಣದ ಮಟ್ಟಿಗೆ ಅದು ಸುಳ್ಳಾಗಿದೆ. ಬೆಂಗಳೂರಿನ ಹೋಟೆಲು ಬನ್ನೂರಿನ ಹೆಸರನ್ನು ಫಲಕದಲ್ಲಿ ಬರೆದು ಪಡೆಯುವ ಹೆಚ್ಚುವರಿ ಬೆಲೆ ಮಳವಳ್ಳಿಯ ಕುರಿಗಾಹಿಯವರೆಗೆ ಇಳಿದು ಬರುವ ದಾರಿಯೇ ಇಲ್ಲ. ತಟ್ಟೆಯಲ್ಲಿರುವುದು ನಿಜವಾಗಿಯೂ ಬನ್ನೂರು ಕುರಿಯೇ ಎಂದು ತಿನ್ನುವವರಿಗೂ ತಿಳಿಯುವಂತಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ ಬರೆದ ಪ್ರಬಂಧ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಕೊಳ್ಳುವವನಿಗೆ ಗುಣ ತಿಳಿಯದಿದ್ದರೆ ಅವನು ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾನೆ. ಸರಾಸರಿ ಬೆಲೆಗೆ ಒಳ್ಳೆಯ ಸರಕನ್ನು ಮಾರಲು ಯಾರಿಗೂ ಮನಸ್ಸಾಗದು. ಕ್ರಮೇಣ ಒಳ್ಳೆಯದು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತದೆ. ಕಾರಿನ ವಿಷಯದಲ್ಲಿ ಅದು ಗ್ಯಾರೇಜಿನಲ್ಲಿ ಉಳಿದೀತು. ಕುರಿಯ ವಿಷಯದಲ್ಲಿ ಹಾಗಲ್ಲ. ನಿಧಾನವಾಗಿ ಬೆಳೆಯುವ, ಸಣ್ಣ ಮೈಯ ಬಂಡೂರಿನ ಹೆಣ್ಣುಕುರಿಗೆ ದೊಡ್ಡ ಮೈಯ ಬೇರೆ ತಳಿಯ ಟಗರನ್ನು ಬಿಟ್ಟರೆ ತೂಕ ಹೆಚ್ಚುತ್ತದೆ, ಹಣವೂ ಹೆಚ್ಚುತ್ತದೆ. ಹೀಗೆ ಮಾಡುವ ಕುರಿಗಾಹಿಯನ್ನು ದೂಷಿಸಲಾಗದು, ಅವನು ಬೆಲೆಯ ಮಾತನ್ನು ಕೇಳುತ್ತಿದ್ದಾನೆ. ಆದರೆ ಕೆಲವು ತಲೆಮಾರುಗಳಲ್ಲಿ ಕರಗಿಹೋಗುವುದು ಶತಮಾನಗಳಿಂದ ಒಟ್ಟುಗೂಡಿದ ಭಿನ್ನರೂಪಗಳ ಗಂಟು. ಒಮ್ಮೆ ಬಿಚ್ಚಿದರೆ ಅದನ್ನು ಮತ್ತೆ ಕಟ್ಟುವುದು ಯಾರಿಂದಲೂ ಆಗದು.

ಇದಕ್ಕೆ ಪ್ರತಿಯಾಗಿ, ತಾನಾಗಿಯೇ ಹರಡಿದ ಒಂದು ಭಿನ್ನರೂಪವನ್ನು ಗಮನಿಸಿ. ಬಂಗಾಳದ ಸುಂದರಬನದ ಗಾರೋಲ್ ಕುರಿಯಲ್ಲಿ ಒಮ್ಮೆಗೇ ಎರಡು, ಮೂರು ಮರಿ ಹಾಕಿಸುವ ವಂಶವಾಹಿಯ ರೂಪವೊಂದಿದೆ. 2001ರಲ್ಲಿ ಅದರ ನೆಲೆ ಪತ್ತೆಯಾಯಿತು. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಅದನ್ನು ದಖ್ಖನಿ ಕುರಿಗೆ ಸೇರಿಸಿ ‘ನಾರಿ ಸುವರ್ಣ’ವನ್ನು ರೂಪಿಸಿತು. ಇಂದು ಅದು ನಮ್ಮ ರಾಜ್ಯದ ಸಾಕಣೆದಾರರಿಗೂ ಪರಿಚಿತ. ಅವಳಿ ಮರಿ ಹುಟ್ಟಿದರೆ ಲಾಭ ಸಾಕಣೆದಾರನ ಕೈಗೇ ಬರುತ್ತದೆ. ಆದ್ದರಿಂದ ಅವನು ಪರೀಕ್ಷೆಗೂ ಟಗರಿಗೂ ಹಣ ಕೊಡಲು ಸಿದ್ಧ. ಮಾಂಸ ಮೃದುವಾದರೆ ಲಾಭ ತಿನ್ನುವವರದು. ಸಂಖ್ಯೆಯ ವಂಶವಾಹಿಗೆ ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳುವ ಶಕ್ತಿಯಿದೆ. ಗುಣದ ವಂಶವಾಹಿಗೆ ಅದಿಲ್ಲ. ಸಾರ್ವಜನಿಕ ಹಣ ಮತ್ತು ಸಾರ್ವಜನಿಕ ವ್ಯವಸ್ಥೆ ಬೇಕಾಗಿರುವುದು ಎರಡನೆಯದಕ್ಕೆ.

ನಮ್ಮ ನೀತಿ ಇದಕ್ಕೆ ವ್ಯತಿರಿಕ್ತವಾಗಿದೆ. ನಾನು ಸೇವೆಯಲ್ಲಿದ್ದ ಕಾಲದ ಕುರಿ ಸಾಕಣೆಯ ಯೋಜನೆಗಳಲ್ಲಿ ‘20 ಹೆಣ್ಣು, 1 ಟಗರು’ ಎಂಬುದೇ ಘಟಕದ ವ್ಯಾಖ್ಯೆಯಾಗಿತ್ತು. ನಾನು ಕಂಡ ಪ್ರಗತಿ ವರದಿಗಳಲ್ಲಿ ಎಷ್ಟು ಘಟಕ ವಿತರಣೆಯಾಯಿತು ಎಂಬ ಕಲಂ ಇರುತ್ತಿತ್ತೇ ಹೊರತು ಎಂತಹ ಕುರಿ ಎಂಬ ಕಲಂ ಇರುತ್ತಿರಲಿಲ್ಲ. 2021ರಲ್ಲಿ ಪುನಾರಚನೆಗೊಂಡ ರಾಷ್ಟ್ರೀಯ ಜಾನುವಾರು ಅಭಿಯಾನದಡಿ 500 ಹೆಣ್ಣು ಮತ್ತು 25 ಗಂಡು ಕುರಿ–ಮೇಕೆಗಳ ಘಟಕಕ್ಕೆ ಶೇ 50ರಂತೆ ಗರಿಷ್ಠ 50 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಯಿತು. ಮೊತ್ತ ದೊಡ್ಡದಾಗಿದೆ, ಉದ್ದೇಶವೂ ಒಳ್ಳೆಯದೇ. ಆದರೆ ಸಹಾಯಧನದ ಮೊತ್ತ ನಿಂತಿರುವುದು ಇಲ್ಲಿಯೂ ತಲೆಯೆಣಿಕೆಯ ಮೇಲೆ. ಹಂದಿಯ ಬೆನ್ನಿಗೆ ಕೋಲಿಟ್ಟು ಅಳೆದ ಯುರೋಪಿಗಿಂತ ನಾವು ಹೆಚ್ಚು ಮುಂದೆ ಬಂದಿಲ್ಲ.

ಹಾಗಾದರೆ ಮಾಡಬೇಕಾದುದೇನು? ವಿದೇಶದ ಪರೀಕ್ಷೆಯನ್ನು ತಂದು ಬನ್ನೂರು ಕುರಿಯ ಮೇಲೆ ಹೇರಿದರೆ ಕೆಲಸವಾಗದು. ಕ್ಯಾಲ್ಪೇನ್, ಕ್ಯಾಲ್ಪಾಸ್ಟಾಟಿನ್‌ಗಳ ಭಿನ್ನರೂಪಗಳ ಪರಿಣಾಮವನ್ನು ಹೊರದೇಶಗಳಲ್ಲಿ ಅಳೆದಿರುವುದು ಸಾಮಾನ್ಯವಾಗಿ ಮಾಂಸವನ್ನು ಹಲವು ದಿನ ಶೀತಗೃಹದಲ್ಲಿಟ್ಟು ಮಾಗಿಸಿದ ನಂತರ. ನಮ್ಮಲ್ಲಿ ಬೆಳಿಗ್ಗೆ ಕಡಿದ ಮಾಂಸ ಮಧ್ಯಾಹ್ನಕ್ಕೆ ಒಲೆಯ ಮೇಲಿರುತ್ತದೆ. ಕಿಣ್ವ ತನ್ನ ಕೆಲಸ ಮಾಡಲು ಕಾಲಾವಕಾಶವೇ ಇಲ್ಲ. ನಮ್ಮ ಕುಕ್ಕರು ಮತ್ತು ಗಂಟೆಗಟ್ಟಲೆಯ ಕುದಿತ ಮಾಂಸದ ಗಡಸುತನವನ್ನು ಬೇರೆ ರೀತಿಯಲ್ಲಿ ಕರಗಿಸುತ್ತವೆ. ಆದ್ದರಿಂದ ನಮ್ಮ ಅಡುಗೆಗೆ, ನಮ್ಮ ನಾಲಗೆಗೆ ಯಾವ ಗುಣ ಮುಖ್ಯ ಎಂಬುದನ್ನು ನಾವೇ ಅಳೆಯಬೇಕು.

ಆಸ್ಟ್ರೇಲಿಯಾ ಇಂತಹ ಕೆಲಸವನ್ನು 1990ರ ದಶಕದ ಕೊನೆಯಲ್ಲಿ ಕೈಗೊಂಡಿತು. ಸಾವಿರಾರು ಸಾಮಾನ್ಯ ಗ್ರಾಹಕರಿಗೆ ಮಾಂಸವನ್ನು ತಿನ್ನಿಸಿ, ಅವರು ಕೊಟ್ಟ ಅಂಕಗಳನ್ನೇ ಆಧಾರವಾಗಿಟ್ಟುಕೊಂಡು ದರ್ಜೆಯ ವ್ಯವಸ್ಥೆಯನ್ನು ರೂಪಿಸಿತು. ತಳಿ ಮಾತ್ರವಲ್ಲ, ಸಾಗಣೆ, ವಧೆ, ತಂಪು ಮಾಡುವ ಕ್ರಮ ಎಲ್ಲವೂ ಆ ಲೆಕ್ಕದಲ್ಲಿ ಬರುತ್ತವೆ. ವಂಶವಾಹಿ ಎಷ್ಟೇ ಒಳ್ಳೆಯದಿದ್ದರೂ ಬಿಸಿಲಿನಲ್ಲಿ ಲಾರಿಯಲ್ಲಿ ತುಂಬಿ ತಂದು, ಗಾಬರಿಗೊಂಡ ಪ್ರಾಣಿಯನ್ನು ಕಡಿದರೆ ಗುಣ ಕೆಡುತ್ತದೆ ಎಂಬುದು ಅಲ್ಲಿ ಬೆಲೆಯಲ್ಲಿಯೇ ಕಾಣಿಸುತ್ತದೆ.

ನಮ್ಮಲ್ಲಿ ಆರಂಭಕ್ಕೆ ಬೇಕಾದ ಸಂಸ್ಥೆಗಳಿಗೆ ಕೊರತೆಯಿಲ್ಲ. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಬಂಡೂರು ಕುರಿಯ ಸರ್ಕಾರಿ ಸಂವರ್ಧನಾ ಕ್ಷೇತ್ರವಿದೆ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಹೈದರಾಬಾದಿನಲ್ಲಿ ಮಾಂಸ ಸಂಶೋಧನೆಗೆಂದೇ ಕೇಂದ್ರದ ಸಂಸ್ಥೆಯಿದೆ. ದೇಶೀ ತಳಿಗಳ ನೋಂದಣಿಗೆ ಕರ್ನಾಲಿನಲ್ಲಿ ರಾಷ್ಟ್ರೀಯ ಬ್ಯೂರೊ ಇದೆ. ಇವುಗಳನ್ನು ಕೂಡಿಸುವ ನಾಲ್ಕು ಸರಳ ಹೆಜ್ಜೆಗಳು ಸಾಕು.

ಮೊದಲನೆಯದು, ಕ್ಷೇತ್ರದೊಳಗಿನ ಕುರಿಗಳ ಜೊತೆಗೆ ಹಳ್ಳಿಗಳ ಹಿಂಡುಗಳಿಗೂ ಕಿವಿಯೋಲೆ ಹಾಕಿ, ತಂದೆ–ತಾಯಿಯ ದಾಖಲೆ ಇಡುವುದು. ಎರಡನೆಯದು, ದಾಖಲಾದ ಹಿಂಡುಗಳಿಂದ ಬಂದ ಮಾಂಸವನ್ನು ನಮ್ಮದೇ ಅಡುಗೆಯ ಕ್ರಮದಲ್ಲಿ ಪರೀಕ್ಷಿಸಿ, ಗುಣಕ್ಕೂ ವಂಶವಾಹಿಯ ಭಿನ್ನರೂಪಗಳಿಗೂ ಇರುವ ಸಂಬಂಧವನ್ನು ಹುಡುಕುವುದು. ಮೂರನೆಯದು, ಕುರಿಗಾಹಿಗಳ ಸಹಕಾರ ಸಂಘಗಳ ಮೂಲಕ, ಗುರುತಿನ ಸಂಖ್ಯೆಯಿರುವ ಮಾಂಸಕ್ಕೆ ದೊರೆಯುವ ಹೆಚ್ಚುವರಿ ಬೆಲೆಯಲ್ಲಿ ನಿಶ್ಚಿತ ಪಾಲು ಸಾಕಿದವರಿಗೆ ಮರಳುವಂತೆ ಮಾಡುವುದು. ಹಾಲಿನಲ್ಲಿ ಜಿಡ್ಡಿನ ಅಂಶವನ್ನು ಅಳೆದು ಬೆಲೆ ಕೊಡಲು ಕಲಿತ ರಾಜ್ಯಕ್ಕೆ ಇದು ಹೊಸ ವಿದ್ಯೆಯೇನಲ್ಲ.

ನಾಲ್ಕನೆಯದು, ಹೀಗೆ ದೊರೆತ ಮಾಹಿತಿ ಸಾರ್ವಜನಿಕ ಆಸ್ತಿಯಾಗಿ ಉಳಿಯಬೇಕು. ಹಂದಿಯ ಆ ಒಂದಕ್ಷರದ ಪರೀಕ್ಷೆಗೂ ಪೇಟೆಂಟ್ ಇತ್ತೆಂಬುದನ್ನು ಮರೆಯಬಾರದು. 2002ರ ಜೈವಿಕ ವೈವಿಧ್ಯ ಕಾಯ್ದೆ ಲಾಭದ ಹಂಚಿಕೆಯ ತತ್ತ್ವವನ್ನು ಒಪ್ಪಿದೆ. ಆದರೆ ಯಾರ ಹಿಂಡಿನಿಂದ ಏನು ಬಂತು ಎಂಬ ದಾಖಲೆಯೇ ಇಲ್ಲದಿದ್ದರೆ ಹಂಚಿಕೊಳ್ಳುವುದಾದರೂ ಯಾರೊಡನೆ?

ಇದಕ್ಕೆಲ್ಲ ಹಣವೆಲ್ಲಿ ಎಂದು ಕೇಳಬಹುದು. ನನ್ನ ಉತ್ತರ, ಹೊಸ ಹಣ ಹೆಚ್ಚಾಗಿ ಬೇಕಿಲ್ಲ. ಈಗ ತಲೆಯೆಣಿಸಿ ಕೊಡುವ ಸಹಾಯಧನದ ಒಂದು ಭಾಗವನ್ನು ದಾಖಲಾದ ದೇಶೀ ಹಿಂಡುಗಳಿಗೆ, ಗುಣದ ಆಧಾರದ ಮೇಲೆ, ಕೊಡುವಂತೆ ನಿಯಮ ಬದಲಿಸಿದರೆ ಸಾಕು. ಇಂತಹ ತಿದ್ದುಪಡಿಗೆ ಪ್ರಯೋಗಾಲಯದ ಅಗತ್ಯವಿಲ್ಲ, ಒಂದು ಸರ್ಕಾರಿ ಆದೇಶ ಸಾಲುತ್ತದೆ. 2024ರ ಅಕ್ಟೋಬರಿನಲ್ಲಿ ಚಾಲನೆಗೊಂಡ 21ನೆಯ ಜಾನುವಾರು ಗಣತಿ ನಮ್ಮ ಕುರಿಗಳ ಸಂಖ್ಯೆಯನ್ನು ಹೇಳುತ್ತದೆ. ಅವುಗಳಲ್ಲಿ ನಿಜವಾದ ಬಂಡೂರಿನ ಕುರಿಗಳನ್ನು ಸಾಕುವವರಿಗೆ, ಅವನ್ನೇ ಸಾಕುತ್ತಾ ಮುಂದುವರಿಯಲು ಒಂದು ಕಾರಣವನ್ನು ಒದಗಿಸಬೇಕಾದುದು ಸರ್ಕಾರ. ಆ ಕಾರಣ ಅಭಿಮಾನವೊಂದೇ ಆಗಿರಲಾರದು, ಕೈಗೆ ಸಿಗುವ ಬೆಲೆಯೂ ಆಗಿರಬೇಕು.